ತಿರುಗುತ್ತಲೇ ಇದ್ದ ಗಾಳದ ಕೋಲು

“ಅತ್ತೆ, ಪ್ಲಗ್ ಕಿತ್ತಿದ್ದು ಯಾರು?”

ಇನ್‌ಸ್ಪೆಕ್ಟರ್ ಮೇಡಂ ಈ ದನಿಯಲ್ಲಿ ಕೇಳಿದರೆ ಠಾಣೆಯಲ್ಲಿ ಕಳ್ಳರಷ್ಟೇ ಅಲ್ಲ, ಕಾನ್‌ಸ್ಟೇಬಲ್‌ಗಳೂ ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಅತ್ತೆ ಇಸ್ತ್ರಿಪೆಟ್ಟಿಗೆಯಿಂದ ಕಣ್ಣು ಕೂಡ ಎತ್ತಲಿಲ್ಲ.

“ಇನ್ಯಾರು, ನಾನೇ. ದಿಂಬಿನ ಕವರಿಗೆ ಇಸ್ತ್ರಿ ಬೇಡ್ವಾ? ನಿನ್ನ ಕೋಲು ಬೆಳಗಿಂದ ಸುತ್ತಿದ್ದೇ ಸುತ್ತಿದ್ದು. ಸ್ವಲ್ಪ ಹೊತ್ತು ಸುಧಾರಿಸ್ಕೊಳ್ಳಲಿ ಅಂತ ಬಿಟ್ಟೆ.”

ಮೇಡಂ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು, ತಮ್ಮ ಮೋಟಾರಿನ ಪ್ಲಗ್ ಚುಚ್ಚಿಯಾಗಿತ್ತು. ಊಟದ ಮೇಜಿನ ತುದಿಯಲ್ಲಿ ಎರಡು ಮರದ ಆಸರೆಗಳ ಮೇಲೆ ಮಲಗಿದ್ದ ಗಾಳದ ಕೋಲು ಮತ್ತೆ ಮೆಲ್ಲಗೆ ಉರುಳತೊಡಗಿತು. ಅಷ್ಟು ಹೊತ್ತೂ ಪಕ್ಕದಲ್ಲೇ ಫೋನು ಬಡಿದುಕೊಳ್ಳುತ್ತಿತ್ತು. ದೊಡ್ಡ ಸಾಹೇಬರ ಫೋನು. ಅದನ್ನು ಎತ್ತಬೇಕೆಂದು ಮೇಡಂಗೆ ಹೊಳೆಯಲೇ ಇಲ್ಲ.

ಹೊಳೆಯುವ ಹೊತ್ತಿಗೆ ಅದು ಒಮ್ಮೆ ಸುಮ್ಮನಾಗಿ ಮತ್ತೆ ಶುರುವಾಗಿತ್ತು.

“ಎಲ್ರೀ ಹೋಗಿದ್ರಿ? ನಾಳೆ ಬೆಳಿಗ್ಗೆ ಕೋರ್ಟು. ಆ ಅಳಿಯನ ಮೇಲೆ ಕೊಲೆ ಕೇಸು ಜಡಿದು ಜೈಲಿಗೆ ಕಳಿಸಿ ಕೈ ತೊಳ್ಕೊಳ್ಳಿ. ಇನ್ನೂ ಏನು ಎಳೆದಾಡ್ತಿದ್ದೀರಿ?”

“ಸರ್, ಆತ ಮಾಡಿಲ್ಲ ಅನ್ಸತ್ತೆ.”

“ಅನ್ಸೋದನ್ನ ಕೋರ್ಟಲ್ಲಿ ಕೊಡೋಕಾಗತ್ತೇನ್ರೀ? ತೋರಿಸೋಕೆ ಏನಾದ್ರೂ ಇದ್ರೆ ಸಂಜೆ ಒಳಗೆ ಹೇಳಿ.”

ತೋರಿಸಲು ಏನೂ ಇರಲಿಲ್ಲ, ಅದೇ ಹೊಟ್ಟೆಯುರಿ. ಹಲ್ಲಿನ ಡಾಕ್ಟರು ತಮ್ಮ ಕೋಲು ಕಟ್ಟುವ ಕೋಣೆಯಲ್ಲಿ, ಯಾರೋ ದೂಡಿದ ರಭಸಕ್ಕೆ ಬೆಂಚಿನ ಮೇಲೆ ಸಾಮಾನು ಬಿಗಿಹಿಡಿಯುವ ಕಬ್ಬಿಣದ ವೈಸಿಗೆ ತಲೆ ಬಡಿದು ಸತ್ತು ವಾರವಾಗಿತ್ತು. ಅಳಿಯನೇ ಅಪರಾಧಿ ಎಂದು ಮೇಡಂ ಒಬ್ಬರನ್ನು ಬಿಟ್ಟು ಇಡೀ ಊರು ನಂಬಿತ್ತು.

ನಂಬಲು ಕಾರಣವೂ ಇತ್ತೆನ್ನಿ. ಡಾಕ್ಟರಿಗೆ ಹಲ್ಲು ಹೊಟ್ಟೆಪಾಡು, ಗಾಳದ ಕೋಲು ಪ್ರಾಣ. ಹುಳು ಚುಚ್ಚಿಕೊಂಡು ದಡದಲ್ಲಿ ತೂಕಡಿಸುವವರ ಕೋಲಲ್ಲ ಅದು. ಗರಿ, ದಾರ ಸುತ್ತಿ ನೊಣದ ಹಾಗೆ ಮಾಡಿದ ಕೊಕ್ಕೆಯನ್ನು ತೆಳ್ಳನೆಯ ಕೋಲಿನಿಂದ ಬೀಸಿ, ನೀರಿನ ಮೇಲೆ ಹಗುರಾಗಿ ಇಳಿಸಿ, ಮೀನಿಗೆ ಟೋಪಿ ಹಾಕುವ ಆಟ. ಡಾಕ್ಟರಿಗೆ ಮೀನಿನ ಆಸೆ ಅಷ್ಟಿರಲಿಲ್ಲ, ಕೋಲಿನ ಹುಚ್ಚೇ ಹುಚ್ಚು. ಕೋಲಿಗೆಂದು ಬರಿಯ ಕೊಳವೆ ತಂದು, ಬೆಂಡಿನ ಹಿಡಿ ಕೂರಿಸಿ, ದಾರ ಹಾಯುವ ಉಂಗುರಗಳನ್ನು ಒಂದೊಂದಾಗಿ ರೇಷ್ಮೆ ನೂಲಿನಿಂದ ಸುತ್ತಿ ಕಟ್ಟಿ, ಮೇಲೆ ಎಪಾಕ್ಸಿ ಅಂಟು ಸವರಿ, ಒಂದು ಕೋಲು ಮುಗಿಸಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದರು. ಹಾಗೆ ಕಟ್ಟಿದ ಅವರ ಮುದ್ದಿನ ಕೋಲೊಂದನ್ನು ಅಳಿಯ ಕಾರಿನ ಬಾಗಿಲಿಗೆ ಸಿಕ್ಕಿಸಿ ಪಟಕ್ಕೆಂದು ಮುರಿದಿದ್ದ. ಮಗಳನ್ನು ಧಾರೆಯೆರೆಯುವಾಗ ಹನಿ ಕಣ್ಣೀರು ಹಾಕದ ಡಾಕ್ಟರು ಅವತ್ತು ನಡುಬೀದಿಯಲ್ಲಿ ಅತ್ತರು. ಅಳಿಯನಿಗೆ ಬಾಯಿಗೆ ಬಂದದ್ದೆಲ್ಲ ಬೈದರು. ಅಲ್ಲಿಂದಾಚೆ ಮಾವ ಅಳಿಯ ಮಾತು ಬಿಟ್ಟಿದ್ದರು.

ಸತ್ತ ದಿನ ಸಂಜೆ ಅಳಿಯ ಆ ಮನೆಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿದ್ದನ್ನು ಎದುರು ಮನೆಯವರು ಕಂಡಿದ್ದರು. ಕ್ಷಮೆ ಕೇಳಲು ಹೊಸ ಕೊಳವೆ ತಂದಿದ್ದೆ, ಹೋಗಿ ನೋಡಿದರೆ ಮಾವ ನೆಲದ ಮೇಲೆ ಬಿದ್ದಿದ್ದರು, ಬೆಂಚಿನ ಮೇಲೆ ಕೋಲು ತಿರುಗುತ್ತಿತ್ತು, ಹೆದರಿ ಓಡಿದೆ ಎನ್ನುವುದು ಅವನ ಮಾತು. ಕೊಳವೆ ಹೆಣದ ಪಕ್ಕದಲ್ಲೇ ಸಿಕ್ಕಿತ್ತು.

ಮೇಡಂಗೆ ಅವನ ಮುಖ ನೋಡಿದಾಗಿನಿಂದ ಇವನಲ್ಲವೇನೋ ಎಂಬ ಸಂಶಯ. ಆದರೆ ಹಿಡಿಯಲು ಒಂದು ಎಳೆಯೂ ಸಿಗದೆ ತಲೆ ಕೆಟ್ಟು, ಈ ಕೋಲಿನ ಹುಚ್ಚರು ಹೇಗಿರುತ್ತಾರೆ ನೋಡೇಬಿಡೋಣ ಎಂದು ತಾವೇ ಒಂದು ಕೋಲು ಕಟ್ಟಲು ಕುಳಿತರು. ಕುಳಿತಿದ್ದೇ ಬಂತು. ನೂಲು ತುಂಡಾಯಿತು, ಉಂಗುರ ಸೊಟ್ಟಗಾಯಿತು, ಬೆಂಡಿನ ಹಿಡಿಗಿಂತ ಬಿಗಿಯಾಗಿ ಅವರ ಹೆಬ್ಬೆರಳೇ ಅಂಟಿಕೊಂಡಿತು. ಇವತ್ತು ಮೊದಲ ಸಲ ಅಂಟು ನೆಟ್ಟಗೆ ಕೂತಿತ್ತು. ಅದು ಗಟ್ಟಿಯಾಗುವವರೆಗೂ ಕೋಲು ತಿರುಗುತ್ತಲೇ ಇರಬೇಕು, ನಿಂತರೆ ಅಂಟು ಕೆಳಗಿಳಿದು ಜೋತುಬೀಳುತ್ತದೆ. ಇಷ್ಟು ಗೊತ್ತಿದ್ದ ಅವರು ಗೊತ್ತಿಲ್ಲದ ಅತ್ತೆಯನ್ನು ಮರೆತಿದ್ದರು.

“ಹಾಳಾಯ್ತಾ?” ಅತ್ತೆ ಹತ್ತಿರ ಬಂದು ಇಣುಕಿದರು. “ಮತ್ತೆ ತಿರುಗ್ತಾ ಇದೆಯಲ್ಲ?”

“ತಿರುಗಿದ್ರೇನು ಬಂತು? ನೋಡಿ, ಎಲ್ಲಾ ಉಂಗುರಕ್ಕೂ ಹೊಟ್ಟೆ ಬಂದಿದೆ. ಎಲ್ಲಾ ಒಂದೇ ಕಡೆಗೆ...”

ಮೇಡಂ ಬಗ್ಗಿ ಕೋಲಿನ ಹತ್ತಿರಕ್ಕೆ ಮುಖ ತಂದರು.

ಪ್ರತಿ ಉಂಗುರದ ಬುಡದಲ್ಲೂ ಅಂಟು ಒಂದೇ ಮಗ್ಗುಲಿಗೆ ಉಬ್ಬಿ, ಸಾಲು ಹಿಡಿದು ನಿಂತಿತ್ತು. ಈ ಸಾಲನ್ನು ಅವರು ಹಿಂದೆ ನೋಡಿದ್ದರು. ಡಾಕ್ಟರ ಕೊನೆಯ ಕೋಲಿನಲ್ಲಿ. ಆಗ ಕೋಲು ಕಟ್ಟುವುದರ ಗಂಧಗಾಳಿ ಇಲ್ಲದೆ, ಅದೂ ಒಂದು ಅಲಂಕಾರವಿರಬೇಕು ಎಂದುಕೊಂಡಿದ್ದರು.

ಅಂಟಿನಲ್ಲಿ ಒಂದು ಗುಳ್ಳೆ ಕಂಡರೂ ಪೂರ್ತಿ ಕಿತ್ತು ಮತ್ತೆ ಕಟ್ಟುವ ಮನುಷ್ಯ ಇಂಥ ಹೊಟ್ಟೆಗಳನ್ನು ಬಿಡುತ್ತಾರೆಯೇ? ಆ ಕೋಲು ಹಸಿಯಿದ್ದಾಗ ನಿಂತಿತ್ತು. ಆದರೆ ಪೊಲೀಸರು ಹೋದಾಗ ತಿರುಗುತ್ತಿತ್ತು.

ಅಂದರೆ ನಡುವೆ ಯಾರೋ ಅದನ್ನು ತಿರುಗಿಸಿದ್ದರು.

ಮೇಡಂ ಮೇಜಿನ ಮೇಲಿನ ಫೋನು ನೋಡಿದರು, ತಮ್ಮ ಕೈ ನೋಡಿಕೊಂಡರು. ಒಂದೇ ವಾರದ ಹುಚ್ಚು. ಅಷ್ಟಕ್ಕೇ ದೊಡ್ಡ ಸಾಹೇಬರ ಫೋನು ಬಿಟ್ಟು ಈ ಕೈ ಪ್ಲಗ್ಗಿಗೆ ಹೋಗಿತ್ತು. ವರ್ಷಗಟ್ಟಲೆ ಪಳಗಿದ ಕೈ ಹೇಗಿದ್ದೀತು?

“ಅತ್ತೆ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು.”

“ಮೊದಲು ನನ್ನ ಇಸ್ತ್ರಿಪೆಟ್ಟಿಗೆಗೆ ಪ್ಲಗ್ ಹಾಕು,” ಎಂದರು ಅತ್ತೆ.

ಡಾಕ್ಟರ ಮನೆಯ ಬಾಗಿಲು ತೆರೆದದ್ದು ಅವರ ಹೆಂಡತಿ. ಸಣ್ಣ ಆಳಿನ, ಮಾತು ಕಮ್ಮಿಯ ಹೆಂಗಸು. ಬೆರಳ ತುದಿಗಳಲ್ಲಿ ಹೂ ಕಟ್ಟುವವರಿಗಿರುವಂತೆ ನೂಲು ಕೊರೆದ ಗೆರೆಗಳಿದ್ದವು. ಗಂಡ ಸತ್ತ ಸಂಜೆ ಅವರು ಮಗಳ ಮನೆಯಲ್ಲಿದ್ದರು. ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಮಗಳ ಜೊತೆ ಬಂದಾಗಲೇ ಹೆಣ ಕಂಡದ್ದು. ಹಾಗೆಂದು ಮಗಳೇ ಹೇಳಿಕೆ ಕೊಟ್ಟಿದ್ದಳು.

“ಮತ್ತೆ ಆ ಕೋಣೆನಾ?” ಎಂದರು ಬೇಸರದಿಂದ. “ನೋಡ್ಕೊಳ್ಳಿ. ನಾನು ಒಳಗೆ ಬರಲ್ಲ. ಆ ಅಂಟಿನ ವಾಸನೆಗೆ ನಂಗೆ ತಲೆ ಸಿಡಿಯತ್ತೆ.”

“ಮೊದಲಿಂದಲೂ ಹಾಗೇನಾ ಅಮ್ಮಾ?”

“ಅವರಿಗೆ ಕೋಲು, ನಂಗೆ ತಲೆನೋವು. ಮದುವೆಯಾದಾಗಿಂದ ಇದೇ ಬಾಳು.” ಅಷ್ಟು ಹೇಳಿ ಅವರು ಅಡುಗೆಮನೆ ಕಡೆ ಹೊರಟರು.

ದಫೇದಾರರು ಮೊಹರು ಒಡೆದು ಬಾಗಿಲು ನೂಕಿದರು. ಒಂದೇ ಕಿಟಕಿಯ ಉದ್ದ ಕೋಣೆ. ಗೋಡೆಗೆ ನೂಲಿನ ಉರುಳೆಗಳು, ಬಾಟಲಿಗಳಲ್ಲಿ ಗರಿಗಳು, ಬೆಂಚಿನ ಮೇಲೆ ಹಲ್ಲು ನೋಡುವ ಪುಟ್ಟ ಕನ್ನಡಿಗಳು. ಡಾಕ್ಟರು ದುಡಿಮೆಯ ಸಾಮಾನನ್ನೆಲ್ಲ ಹವ್ಯಾಸಕ್ಕೆ ಹಚ್ಚಿದ್ದರು. ಕೋಲು ತಿರುಗಿಸುವ ಯಂತ್ರವೂ ಒಂದು ಕಾಲದಲ್ಲಿ ಹಲ್ಲು ಕೊರೆಯುತ್ತಿದ್ದ ಹಳೆಯ ಮಿಷನ್ನೇ. ಮೋಟಾರಿನಿಂದ ಒಂದು ತೆಳು ಹಗ್ಗ ಪುಟ್ಟ ಪುಟ್ಟ ಗಾಲಿಗಳ ಮೇಲೆ ಹಾದು ಬಂದು ಕೋಲಿನ ಬುಡವನ್ನು ತಿರುಗಿಸುತ್ತಿತ್ತು.

“ನಾವು ಬಂದಾಗ ಇದು ತಿರುಗ್ತಿತ್ತು ಅಲ್ವಾ?”

“ತಿರುಗ್ತಿತ್ತು ಮೇಡಂ. ಮೋಟಾರು ಗುಂಯ್ ಅಂತ ತಲೆ ತಿನ್ತಿತ್ತು. ನಾನೇ ಗೋಡೆ ಸ್ವಿಚ್ ಆರಿಸ್ದೆ.” ದಫೇದಾರರ ಮುಖ ಕಪ್ಪಿಟ್ಟಿತು. “ಆರಿಸ್ಬಾರ್ದಿತ್ತಾ?”

“ಆ ಸಂಜೆ ಕರೆಂಟ್ ಹೋಗಿತ್ತಾ?”

“ಇಲ್ಲ ಮೇಡಂ. ನಮ್ಮನೇಲಿ ಇಡೀ ಸಂಜೆ ಟೀವಿ ಓಡ್ತಾನೇ ಇತ್ತು. ಹೆಂಡತಿ ಹತ್ರ ಬೈಸ್ಕೊಂಡಿದ್ದೀನಿ, ಚೆನ್ನಾಗಿ ಜ್ಞಾಪಕ ಇದೆ.”

ಮೇಡಂ ಕೋಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹೊಟ್ಟೆಗಳು ಸಾಲಾಗಿ ಇದ್ದವು. ತಮ್ಮ ಕೋಲಿನಲ್ಲಿದ್ದಂತೆಯೇ, ಎಲ್ಲವೂ ಒಂದೇ ಮಗ್ಗುಲಿಗೆ. ಕರೆಂಟ್ ಹೋಗದೆ ಕೋಲು ನಿಂತದ್ದು ಹೇಗೆ?

ಅವರು ಬಗ್ಗಿ ಹಗ್ಗವನ್ನು ನೋಡಿದರು. ಹಗ್ಗದ ಮೇಲೆ ರಕ್ತದ ಕಲೆ ಇದ್ದದ್ದು ಮೊದಲೇ ಗೊತ್ತು. ಬಿದ್ದಾಗ ಸಿಡಿದದ್ದು ಎಂದು ಬರೆದುಕೊಂಡಿದ್ದರು. ಈಗ ಪೆನ್ಸಿಲ್ ತುದಿಯಿಂದ ಹಗ್ಗವನ್ನು ಗಾಲಿಯಿಂದ ಕಳಚಿದರು.

ಗಾಲಿಯ ಒಳಗೂ, ಹಗ್ಗ ಕೂರುವ ಸಣ್ಣ ಕಾಲುವೆಯ ತಳದಲ್ಲಿ, ಒಣಗಿದ ರಕ್ತವಿತ್ತು.

“ದಫೇದಾರ್ರೇ, ಹಗ್ಗ ಮೇಲಿದ್ರೆ ರಕ್ತ ಅದರ ಅಡಿಗೆ ಹೋಗೋದು ಹೇಗೆ?”

ದಫೇದಾರರು ಬಗ್ಗಿ ನೋಡಿದರು, ಎದ್ದು ನಿಂತರು, ಮತ್ತೆ ಬಗ್ಗಿದರು. “ಹೋಗಲ್ಲ. ಹಗ್ಗ ಆಗ ಇರಲಿಲ್ಲ.”

“ಡಾಕ್ಟರು ಬೀಳುವಾಗ ಕೈ ತಗುಲಿ ಕಳಚಿದೆ. ಮೋಟಾರು ಓಡ್ತಿದೆ, ಕೋಲು ನಿಂತಿದೆ, ಅಂಟು ಇಳೀತಿದೆ. ಆಮೇಲೆ ಯಾರೋ ಹಗ್ಗ ಎತ್ತಿ ಮತ್ತೆ ಏರಿಸಿದ್ದಾರೆ. ಹೆಣ ಕಾಲ ಹತ್ರ ಬಿದ್ದಿರುವಾಗ.”

“ಯಾಕೆ ಮೇಡಂ? ಯಾವ ಕೊಲೆಗಾರನಿಗೆ ಬೇಕು ಈ ಉಸಾಬರಿ?”

“ಕೋಲು ಕಟ್ಟೋ ಕೊಲೆಗಾರನಿಗೆ. ಅವನು ಬೇಕು ಅಂತ ಮಾಡಿಲ್ಲ. ಹಸಿ ಕೋಲು ನಿಂತಿದ್ದು ಕಣ್ಣಿಗೆ ಬಿತ್ತು, ಕೈ ಹೋಯ್ತು. ಆ ಕೈಗೆ ಮಿದುಳಿನ ಅಪ್ಪಣೆ ಬೇಕಾಗಿಲ್ಲ.”

ಅವರು ಹಗ್ಗವನ್ನು ಮತ್ತೆ ಏರಿಸಲು ನೋಡಿದರು. ಏರಿತು, ಜಾರಿತು. ಏರಿಸಿದರು, ಜಾರಿತು. ದಫೇದಾರರೂ ಕೈ ಹಾಕಿ ಬೆರಳು ಸಿಕ್ಕಿಸಿಕೊಂಡು ಹಾಯ್ ಎಂದರು. ಅದಕ್ಕೆ ಯಾವುದೋ ಮರ್ಮ ಇದ್ದ ಹಾಗಿತ್ತು. ಕೊನೆಗೆ ಮೇಡಂ ಹಗ್ಗವನ್ನು ಅಲ್ಲೇ ಬಿಟ್ಟು, ಬಾಯಲ್ಲಿ ಬಂದ ಮಾತನ್ನು ನುಂಗಿಕೊಂಡು ಹೊರಟರು. ನೋಡಬೇಕಾದವರು ಒಬ್ಬರೇ ಇದ್ದರು.

ಊರಿನಲ್ಲಿ ಡಾಕ್ಟರಷ್ಟೇ ಹುಚ್ಚಿದ್ದ ಇನ್ನೊಬ್ಬರೆಂದರೆ ಡ್ರಾಯಿಂಗ್ ಮೇಷ್ಟ್ರು. ಒಟ್ಟಿಗೆ ಓದಿದವರು, ಒಟ್ಟಿಗೆ ನದಿಗೆ ಹೋಗುವವರು, ಒಬ್ಬರ ಕೋಲು ಕಂಡರೆ ಒಬ್ಬರಿಗೆ ಆಗದವರು. “ಇವನ ಕೋಲು ನೋಡಿದ್ರೆ ಮೀನು ನಕ್ಕೇ ಸಾಯ್ಬೇಕು” ಎಂದು ಡಾಕ್ಟರು ನಾಲ್ಕು ಜನರ ಮುಂದೆ ಅಂದಿದ್ದು ಇತ್ತೀಚೆಗೆ.

ಶಾಲೆ ಬಿಟ್ಟಿತ್ತು. ಮೇಷ್ಟ್ರು ಡ್ರಾಯಿಂಗ್ ಕ್ಲಾಸಿನಲ್ಲಿ ಒಬ್ಬರೇ ಕೂತು ಬಣ್ಣದ ತಟ್ಟೆಗಳನ್ನು ಒರೆಸುತ್ತಿದ್ದರು. ಮೇಡಂ ಮಾತಿಲ್ಲದೆ ತಮ್ಮ ಕೋಲನ್ನು ಅವರ ಮುಂದಿಟ್ಟರು.

ಮೇಷ್ಟ್ರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅದನ್ನು ನೋಡಿದರು. “ಯಾರು ಕಟ್ಟಿದ್ದು ಇದನ್ನ?”

“ನಾನು.”

“ಹೋಗ್ಲಿ ಬಿಡಿ. ಯಾರಿಗೂ ಹೇಳ್ಬೇಡಿ.”

“ಹಸಿ ಅಂಟಿದ್ದಾಗ ನಿಂತುಬಿಡ್ತು. ನೀವಾಗಿದ್ರೆ ಏನ್ಮಾಡ್ತಿದ್ರಿ?”

“ಥಟ್ಟಂತ ತಿರುಗಿಸ್ತಿದ್ದೆ. ಅದನ್ನೂ ಕೇಳ್ಬೇಕಾ?”

“ಪಕ್ಕದಲ್ಲಿ ಸ್ನೇಹಿತ ತಲೆ ಒಡ್ಕೊಂಡು ಬಿದ್ದಿದ್ರೂ?”

ಮೇಷ್ಟ್ರ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಇನ್ನೊಂದು ಕೈ ಬಾಯಿಂದ ಕದಲಲಿಲ್ಲ. ಬಂದಾಗಿನಿಂದ ಅವರು ಆ ಕೈ ತೆಗೆದಿರಲಿಲ್ಲ ಎಂಬುದನ್ನು ಮೇಡಂ ಗಮನಿಸಿದರು.

“ಆಗ್ಲೂ... ತಿರುಗಿಸ್ತಿದ್ದೆನೋ ಏನೋ,” ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. “ಅದು ಕೈ ಮಾಡೋ ಕೆಲಸ ಮೇಡಂ, ನಾವು ಮಾಡೋದಲ್ಲ. ಆದ್ರೆ ನಾನು ಅಲ್ಲಿರಲಿಲ್ಲ.”

“ಎಲ್ಲಿದ್ರಿ?”

“ಮನೇಲಿ. ಮಲಗಿದ್ದೆ. ಆವತ್ತೇ ಹೇಳಿದ್ದೀನಲ್ಲ.”

“ನಿಮ್ಮ ಮನೆಗೆ ಬೀಗ ಇತ್ತು ಅಂತ ಹಾಲಿನವರು ಹೇಳ್ತಾರೆ. ಬೀಗ ಹಾಕ್ಕೊಂಡು ಒಳಗೆ ಮಲಗಿದ್ರಾ?”

“ಮೇಡಂ...”

“ಬಾಯಿ ಬಿಡಿ ಮೇಷ್ಟ್ರೇ! ನಾಳೆ ಒಬ್ಬ ಅಮಾಯಕ ಜೈಲಿಗೆ ಹೋಗ್ತಾನೆ. ಒಂದು ವಾರದಿಂದ ನನ್ನ ತಲೆ ಮೊಸರುಗಡಿಗೆ ಆಗಿದೆ. ಕೈ ತೆಗೀರಿ, ನೆಟ್ಟಗೆ ಮಾತಾಡಿ!”

ಮೇಷ್ಟ್ರು ಕೈ ತೆಗೆದರು. ಬಾಯಿ ಬಿಟ್ಟರು.

ಮುಂದಿನ ಹಲ್ಲುಗಳ ಪಕ್ಕದಲ್ಲಿ ಒಂದು ದೊಡ್ಡ ಖಾಲಿ ಜಾಗವಿತ್ತು. ಇನ್ನೂ ಕೆಂಪಗಿತ್ತು.

“ಹಲ್ಲು ಕೀಳಿಸ್ಕೊಳ್ತಿದ್ದೆ,” ಎಂದರು. ಕಣ್ಣು ತುಂಬಿತ್ತು. “ಮಾರ್ಕೆಟ್ ಹತ್ರದ ಹೊಸ ಡಾಕ್ಟ್ರ ಹತ್ರ. ನಾಲ್ಕು ಜನರ ಮುಂದೆ ನನ್ನ ಕೋಲಿಗೆ ಹಾಗಂದ ಅಲ್ವಾ, ಸಿಟ್ಟು ಬಂತು. ಇವನ ಕುರ್ಚಿ ಇನ್ನು ಹತ್ತಲ್ಲ ಅಂತ ಅಲ್ಲಿಗೆ ಹೋದೆ. ಬೇರು ಮುರಿದು ಒಳಗೇ ಉಳೀತು. ಕತ್ತಲಾಗೋವರೆಗೂ ಅಲ್ಲೇ ಬಾಯಿ ಕಳ್ಕೊಂಡು ಬಿದ್ದಿದ್ದೆ. ಇವನಿಗೆ ಗೊತ್ತಾದ್ರೆ ಜನ್ಮದಲ್ಲಿ ನನ್ನ ಮುಖ ನೋಡಲ್ಲ ಅಂತ ಹೆದರ್ತಾ ಮನೆಗೆ ಬಂದೆ. ಬೆಳಿಗ್ಗೆ ನೋಡಿದ್ರೆ ಅವನೇ ಇಲ್ಲ. ಅವನು ಸಾಯೋ ಹೊತ್ತಲ್ಲಿ ನಾನು ಬೇರೆಯವರ ಕುರ್ಚಿಯಲ್ಲಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಇದಕ್ಕೆ ನಗಬೇಕೋ ಅಳಬೇಕೋ ಮೇಡಂಗೆ ತಿಳಿಯಲಿಲ್ಲ. ದಫೇದಾರರು ಹೊರಗೆ ಹೋಗಿ ಹೊಸ ಡಾಕ್ಟರಿಗೆ ಫೋನು ಮಾಡಿ ಬಂದು ತಲೆಯಾಡಿಸಿದರು. ಮಾತು ನಿಜವಾಗಿತ್ತು. ನರ್ಸು, ಕಾಂಪೌಂಡರು, ಹೊರಗೆ ಕಾದು ಬೈದುಕೊಂಡು ಹೋದ ರೋಗಿಗಳು, ಎಲ್ಲರೂ ಸಾಕ್ಷಿಗಳೇ.

“ಮತ್ತೆ ಡಾಕ್ಟರ ಜೊತೆ ಕೋಲು ಕಟ್ತಿದ್ದವರು ಇನ್ಯಾರಿದ್ರು?”

“ಇನ್ಯಾರೂ ಇಲ್ಲ. ಆ ಕೋಣೆಗೆ ನನ್ನನ್ನೂ ಬಿಡ್ತಿರಲಿಲ್ಲ. ಎಲ್ಲಿ ನೋಡಿ ಕಲ್ತುಬಿಡ್ತೀನೋ ಅಂತ.” ಮೇಷ್ಟ್ರು ಮೂಗೆಳೆದುಕೊಂಡು, ಮೇಡಂ ಕೋಲನ್ನು ಎತ್ತಿ ಮತ್ತೊಮ್ಮೆ ನೋಡಿದರು. “ಇದನ್ನ ಬಿಚ್ಚಿ ಮತ್ತೆ ಕಟ್ಟಿ ಕೊಡ್ಲಾ?”

ಮೇಡಂ ಕೋಲು ಕಿತ್ತುಕೊಂಡು ಹೊರಬಂದು ಜೀಪಿನ ಬಾಗಿಲನ್ನು ಧಡಾರನೆ ಹಾಕಿದರು. ಮೈ ಪರಚಿಕೊಳ್ಳುವ ಹಾಗಾಗಿತ್ತು. ಎಳೆ ಸಿಕ್ಕಿದ ಮೇಲೆ ಅದರ ತುದಿಯಲ್ಲಿ ಯಾರಾದರೂ ಇರಬೇಡವೇ? ಊರಲ್ಲಿದ್ದ ಹುಚ್ಚರು ಇಬ್ಬರು. ಒಬ್ಬರು ಸತ್ತವರು, ಇನ್ನೊಬ್ಬರು ಹಲ್ಲು ಕೀಳಿಸಿಕೊಳ್ಳುತ್ತಿದ್ದವರು. ಮೂರನೆಯವರನ್ನು ಎಲ್ಲಿಂದ ತರುವುದು?

“ಹೋಗ್ಲಿ ಮೇಡಂ,” ಎಂದರು ದಫೇದಾರರು ಸಮಾಧಾನಕ್ಕೆ. “ಕೊಲೆಗಾರ ಸಿಗದಿದ್ರೂ ಅಳಿಯ ಬಚಾವಾದ. ಆ ಪುಣ್ಯಾತ್ಮನಿಗೆ ಕೋಲಿನ ತುದಿ ಯಾವ್ದು ಬುಡ ಯಾವ್ದು ಅಂತ ಗೊತ್ತಿಲ್ಲ.”

ಅದೂ ಸರಿಯೇ. ಮೇಡಂ ದಾರಿಯಲ್ಲೇ ದೊಡ್ಡ ಸಾಹೇಬರಿಗೆ ಎಲ್ಲ ಒಪ್ಪಿಸಿದರು. ಅಂಟು, ಹಗ್ಗ, ಗಾಲಿಯ ತಳದ ರಕ್ತ.

“ಅವನಿಗೆ ಈ ಕೆಲಸ ಬರಲ್ಲ ಅಂತ ಅವನ ಬಾಯಿಂದ ಹೇಳಿಸಿ ಬರ್ಕೊಳ್ಳಿ,” ಎಂದರು ಸಾಹೇಬರು. “ಹಾಗಿದ್ರೆ ನಾಳೆ ಕೋರ್ಟಲ್ಲಿ ಬಿಡುಗಡೆಗೆ ನಾವೇ ಒಪ್ಕೊಳ್ಳೋಣ.”

ಸಾಹೇಬರ ಬಾಯಿಂದ ಇಂಥ ಮಾತು ಬಂದದ್ದೇ ದೊಡ್ಡದು. ಮೇಡಂಗೆ ವಾರದಲ್ಲಿ ಮೊದಲ ಸಲ ಕಾಫಿ ಕುಡಿಯಬೇಕು ಅನಿಸಿತು.

ಠಾಣೆಯ ಜಗಲಿಯ ಬೆಂಚಿನ ಮೇಲೆ ಡಾಕ್ಟರ ಮಗಳು ಎಂದಿನಂತೆ ಕೂತಿದ್ದಳು. ದಿನಾ ಬೆಳಿಗ್ಗೆ ಗಂಡನಿಗೆ ಒಗೆದ ಬಟ್ಟೆ ತಂದು ಕೊಟ್ಟು, ಸಂಜೆಯವರೆಗೆ ಅಲ್ಲೇ ಕೂತಿರುತ್ತಿದ್ದಳು. ಅಪ್ಪನನ್ನು ಕಳೆದುಕೊಂಡ ವಾರದಲ್ಲೇ ಗಂಡನನ್ನೂ ಕಳೆದುಕೊಳ್ಳುವ ಹೆಂಗಸನ್ನು ದಿನಾ ದಾಟಿಕೊಂಡು ಒಳಗೆ ಹೋಗುವುದು ಮೇಡಂಗೆ ಕಷ್ಟವಾಗುತ್ತಿತ್ತು.

“ನಮ್ಮ ಯಜಮಾನ್ರನ್ನ ಯಾವಾಗ ಬಿಡ್ತೀರಿ ಮೇಡಂ? ಅವರು ಇರುವೆ ತುಳಿಯೋರೂ ಅಲ್ಲ.”

“ಸ್ವಲ್ಪ ತಾಳಮ್ಮ. ಇವತ್ತು ಒಳ್ಳೆ ಸುದ್ದಿ ಸಿಗಬಹುದು.”

ಹುಡುಗಿಯ ಕಣ್ಣು ಅರಳಿತು. ಮೇಡಂ ಒಳನಡೆದರು.

ಅಳಿಯ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದ. ಒಂದು ವಾರದಿಂದ ಅವನ ಬಾಯಲ್ಲಿ ಒಂದೇ ರಾಗ. ನಾನಲ್ಲ, ನಾನಲ್ಲ, ನನ್ನ ಬಿಟ್ಟುಬಿಡಿ. ಮೇಡಂ ಕುರ್ಚಿ ಎಳೆದುಕೊಂಡರು. ದಫೇದಾರರು ಹಾಳೆ ಪೆನ್ನು ಹಿಡಿದು ನಿಂತರು.

“ಒಂದೇ ಪ್ರಶ್ನೆ. ಗಾಳದ ಕೋಲು ಕಟ್ಟೋಕೆ ನಿಮಗೆ ಬರತ್ತಾ?”

“ನಂಗಾ? ಮುರಿಯೋಕೆ ಬರತ್ತೆ ಅಷ್ಟೇ.” ಅವನು ಪೆಚ್ಚಾಗಿ ನಕ್ಕ. “ಯಾಕೆ ಮೇಡಂ?”

“ನಾಳೆ ನಿಮ್ಮ ಬಿಡುಗಡೆ ಆಗೋದು ಅದೇ ಮಾತಿಂದ. ನೀವು ಒಳಗೆ ಹೋದಾಗ ಕೋಲು ತಿರುಗ್ತಿತ್ತು ಅಂದ್ರಿ ನೋಡಿ, ನಿಮ್ಮ ಮಾತು ಸತ್ಯ. ನಿಮ್ಮ ಮಾವ ಬಿದ್ದಾಗ ಅದು ನಿಂತುಹೋಗಿತ್ತು. ಅವರನ್ನ ದೂಡಿದವರು ಆಮೇಲೆ ಅದನ್ನ ಮತ್ತೆ ತಿರುಗೋ ಹಾಗೆ ಮಾಡಿದ್ದಾರೆ. ಈ ಕೆಲಸದಲ್ಲಿ ಪಳಗಿದ ಕೈ ಬಿಟ್ರೆ ಇನ್ಯಾರೂ ಅದನ್ನ ಮಾಡಲ್ಲ. ಅಂದ್ರೆ ನೀವಲ್ಲ.”

ಅಳಿಯ ನಗಲಿಲ್ಲ. ಕೈ ಮುಗಿಯಲಿಲ್ಲ. ಅವನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದು ಹೋಯಿತು. ಏನನ್ನೋ ಲೆಕ್ಕ ಹಾಕುವವನಂತೆ ಅವನು ನೆಲ ನೋಡುತ್ತಾ ಕೂತ.

“ಪಳಗಿದ ಕೈ,” ಎಂದ ಮೆಲ್ಲಗೆ.

“ಹೌದು. ಯಾರಾದ್ರೂ ನೆನಪಾಗ್ತಾರಾ?”

“ಇಲ್ಲ.” ಅವನು ತಲೆಯೆತ್ತಿದ. “ನಾನೇ ಮೇಡಂ.”

“ಏನು ನಾನೇ?”

“ನಾನೇ ಮಾವನ್ನ ದೂಡಿದ್ದು. ಕೋಲು ತಿರುಗಿಸಿದ್ದೂ ನಾನೇ. ಬರ್ಕೊಳ್ಳಿ.”

ದಫೇದಾರರ ಪೆನ್ನು ನೆಲಕ್ಕೆ ಬಿತ್ತು. ಮೇಡಂಗೆ ನೆತ್ತಿಗೆ ರಕ್ತ ಏರಿತು.

“ಏನ್ರೀ, ಆಟ ಆಡ್ತಿದ್ದೀರಾ? ಒಂದು ವಾರ ನಾನಲ್ಲ ನಾನಲ್ಲ ಅಂತ ಗೋಳಾಡಿದ್ರಿ. ನಿಮಗೋಸ್ಕರ ನಾನು ಸಾಹೇಬ್ರ ಹತ್ರ ಉಗಿಸ್ಕೊಂಡೆ, ಬೆರಳು ಅಂಟಿಸ್ಕೊಂಡೆ, ಮನೇಲಿ ನಗೆಪಾಟಲಾದೆ. ನೀವಲ್ಲ ಅಂತ ತೋರಿಸಿದ ದಿನವೇ ನಾನೇ ಅಂತೀರಲ್ಲ!”

“ಸುಳ್ಳು ಹೇಳಿದ್ದೆ. ಈಗ ನಿಜ ಹೇಳ್ತಿದ್ದೀನಿ.”

“ಹೇಗೆ ತಿರುಗಿಸಿದ್ರಿ?”

“ಹೇಗೆ ಅಂದ್ರೆ? ಸ್ವಿಚ್ ಹಾಕ್ದೆ.”

“ಯಾವ ಸ್ವಿಚ್ಚು?”

“ಗೋಡೆ ಮೇಲಿಂದು. ಹಾಕ್ದೆ, ತಿರುಗ್ತು.”

“ಅಷ್ಟೇನಾ?”

“ಅ... ಅಷ್ಟೇ.”

ಮೇಡಂ ಕುರ್ಚಿಗೆ ಒರಗಿದರು. ಕಳಚಿದ ಹಗ್ಗದ ವಿಷಯ ಈ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಗೋಡೆಯ ಸ್ವಿಚ್ಚನ್ನು ಹಗಲಿಡೀ ಒತ್ತಿದರೂ ಆ ಕೋಲು ಅಲುಗುತ್ತಿರಲಿಲ್ಲ. ಇವನು ಸುಳ್ಳು ಹೇಳುತ್ತಿದ್ದ. ತನ್ನ ಕುತ್ತಿಗೆಯನ್ನು ತಾನೇ ಹಗ್ಗಕ್ಕೆ ಕೊಡುವಂಥ ಸುಳ್ಳು. ಪಳಗಿದ ಕೈ ಎಂದ ಕೂಡಲೇ ಇವನಿಗೆ ಯಾರದೋ ಮುಖ ಕಂಡಿತ್ತು.

“ಯಾರನ್ನ ಉಳಿಸ್ತಿದ್ದೀರಿ?”

“ಯಾರನ್ನೂ ಇಲ್ಲ.”

“ನಿಮ್ಮ ಹೆಂಡತಿನಾ? ಅಪ್ಪನ ಹತ್ರ ಕಲ್ತಿದ್ರಾ ಅವರು?”

“ಅವಳ ಹೆಸರು ಎತ್ತಬೇಡಿ ಮೇಡಂ, ಕೈ ಮುಗೀತೀನಿ. ಅವಳಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ನಾನು ಒಪ್ಕೊಂಡಾಯ್ತಲ್ಲ, ಇನ್ನೇನು ಬೇಕು ನಿಮಗೆ? ನಾಳೆ ಜೈಲಿಗೆ ಕಳಿಸಿ, ಮುಗೀಲಿ!”

ಅವನು ಗೋಡೆಯ ಕಡೆ ತಿರುಗಿ ಕೂತ. ಆಮೇಲೆ ಬೈದರೂ ಬೇಡಿದರೂ ಈ ಕಡೆ ತಿರುಗಲಿಲ್ಲ. ಮೇಡಂಗೆ ಅವನ ಮೇಲೆ ಕೋಪ, ಅದಕ್ಕಿಂತ ಹೆಚ್ಚಾಗಿ ತಮ್ಮ ಮೇಲೆ. ಬಿಡಿಸಲು ಹೋಗಿ ತಾವೇ ಅವನನ್ನು ಗಟ್ಟಿಯಾಗಿ ಕಟ್ಟಿಹಾಕಿದ್ದರು. ಅವನಾಗಿಯೇ ಒಪ್ಪಿಕೊಂಡದ್ದು ಗೊತ್ತಾದರೆ ಸಾಹೇಬರು ಹಗ್ಗವನ್ನೂ ಗಾಲಿಯನ್ನೂ ತಿರುಗಿ ನೋಡುತ್ತಾರೆಯೇ?

“ಮೇಡಂ, ಬರ್ಕೊಳ್ಳೋದಾ?” ದಫೇದಾರರು ಪಿಸುಗುಟ್ಟಿದರು.

“ಸುಮ್ನಿರಿ ಸ್ವಲ್ಪ!”

ಅವರು ಜಗಲಿಗೆ ಬಂದರು. ಹುಡುಗಿ ಧಡಕ್ಕನೆ ಎದ್ದು ನಿಂತಳು. ಈ ಮುಖಕ್ಕೆ ಹೇಗೆ ಹೇಳುವುದು? ಇನ್ನೊಂದು ಗಳಿಗೆಯಲ್ಲಿ ಇವಳು ಇಲ್ಲೇ ಕುಸಿದು ಬೀಳುತ್ತಾಳೆ ಎಂದುಕೊಂಡು ಮೇಡಂ ಒಂದು ಕೈಯನ್ನು ಮೊದಲೇ ಮುಂದೆ ಚಾಚಿದರು.

“ಗಟ್ಟಿ ಮನಸ್ಸು ಮಾಡ್ಕೊಳ್ಳಮ್ಮ. ನಿಮ್ಮ ಯಜಮಾನ್ರು ಒಪ್ಕೊಂಡುಬಿಟ್ರು. ಕೋಲು ತಿರುಗಿಸಿದ್ದು ಪಳಗಿದ ಕೈ ಅಂದೆ, ಅಷ್ಟಕ್ಕೇ ನಾನೇ ಮಾಡಿದ್ದು ಅಂತಾರೆ.”

ಹುಡುಗಿ ಕುಸಿಯಲಿಲ್ಲ. ಕಿರುಚಲೂ ಇಲ್ಲ. ಕಣ್ಣು ಮುಚ್ಚಿ, ವಾರದಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಡುವವಳಂತೆ ನಿಟ್ಟುಸಿರು ಬಿಟ್ಟಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ ಮೇಡಂ ಚಾಚಿದ್ದ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

“ಹಾಗಾದ್ರೆ ಇನ್ನು ಅಮ್ಮನ್ನ ಯಾರೂ ಏನೂ ಕೇಳಲ್ಲ, ಅಲ್ವಾ ಮೇಡಂ?”